ಜೋಡಿ ಸಿಗದ ಹದಿನೇಳನೇ ಮನೆ

ಸೇಡಂದಿಂದ ಟಂಟಂ ಹತ್ತಿದರೆ ಅರ್ಧ ತಾಸಿನ ಹಾದಿ, ಕಾಗಿಣಾ ಹೊಳೆಯ ದಂಡೆಗೆ ಒಂದು ಹಳ್ಳಿ. ಆ ಹಳ್ಳಿಯ ಕೆಳಗಿನ ಓಣಿಯಲ್ಲಿ ಹದಿನೇಳು ಮನೆ. ಮೇಲಿನಿಂದ ಎಣಿಸುತ್ತ ಇಳಿದರೆ ಕಡೆಯದು ಭೀಮಮ್ಮನದು. ಅದರಾಚೆ ಮನೆಯಿಲ್ಲ. ಜಾಲಿ ಕಂಟಿ, ತಗ್ಗು, ಆಮೇಲೆ ಹೊಳೆ. ಅರಿವೆ ಒಗೆಯಲಿಕ್ಕೆ, ಎಮ್ಮೆ ಮೈ ತೊಳೆಯಲಿಕ್ಕೆ, ಹೊಳೆಗೆ ಹೋಗುವವರೆಲ್ಲ ಆಕೆಯ ಬಾಗಿಲ ಮುಂದೆಯೇ ಹಾಯಬೇಕು. ಹಾಯುವವರು ಭಾಳ ಮಂದಿ. ನಿಲ್ಲುವವರು ಯಾರೂ ಇಲ್ಲ.

ನಿಂತು ಮಾತಾಡಲಿಕ್ಕೆ ಮನುಷ್ಯನಿಗೆ ಒಂದು ನೆಪ ಬೇಕಾಗುತ್ತದೆ. ಮಕ್ಕಳಿದ್ದವರಿಗೆ ಮಕ್ಕಳ ಮಾತು, ಹೊಲ ಇದ್ದವರಿಗೆ ಹೊಲದ ಮಾತು. ಭೀಮಮ್ಮನಿಗೆ ಎರಡೂ ಇರಲಿಲ್ಲ. ಗಂಡ ಅಂಬರಾಯ ಇದ್ದಾಗ ಅವನ ನೆಪವಾದರೂ ಇತ್ತು. "ಭೀಮವ್ವ, ನಿನ್ನ ಗಂಡ ಇವತ್ತ ನೀರು ಎಷ್ಟೊತ್ತಿಗಿ ಬಿಡ್ತಾನ?" ಅಂತ ಹೆಂಗಸರು ಬಗಲಲ್ಲಿ ಖಾಲಿ ಕೊಡ ಇಟ್ಟುಕೊಂಡು ಕೇಳುತ್ತಿದ್ದರು. ಕೇಳುತ್ತ ಕೇಳುತ್ತ ಕಟ್ಟೆಗೆ ಕುಂತೂ ಬಿಡುತ್ತಿದ್ದರು.

ಓಣಿಯ ಮೂಡಣಕ್ಕೆ, ಹೊಳೆಯ ಮೇಲ್ಗಡೆ, ನೀರಿನ ಮನೆ ಅಂತ ಇದೆ. ಹೊಳೆಯ ನೀರು ಎತ್ತಿ, ಸ್ವಚ್ಛ ಮಾಡಿ, ಸುತ್ತಲ ಎಂಟು ಹಳ್ಳಿಗೆ ಬಿಡುವ ಜಾಗ. ಅಂಬರಾಯ ಅಲ್ಲಿ ಇಪ್ಪತ್ತೆರಡು ವರ್ಷ ದುಡಿದ. ನೀರಿನೊಳಗಿನ ಹೊಲಸು ಸಾಯಲಿ ಅಂತ ಅದಕ್ಕೆ ಕ್ಲೋರಿನ್ ಗ್ಯಾಸು ಬೆರೆಸುತ್ತಾರೆ. ಆ ಗ್ಯಾಸು ದಪ್ಪ ಕಬ್ಬಿಣದ ಸಿಲಿಂಡರಿನಲ್ಲಿ ಬರುತ್ತದೆ. ಬ್ಲೀಚಿಂಗ್ ಪುಡಿಯಂಥ ವಾಸನೆ. ಅಂಬರಾಯ ಸಂಜೆ ಮನೆಗೆ ಬಂದರೆ ಅವನಿಗಿಂತ ಮೊದಲು ಅವನ ಅಂಗಿಯ ವಾಸನೆ ಹೊಸ್ತಿಲು ದಾಟುತ್ತಿತ್ತು. ಮದುವೆಯಾದ ಹೊಸದರಲ್ಲಿ ಭೀಮಮ್ಮ ಮೂಗಿಗೆ ಸೆರಗು ಹಿಡಿದಾಗ ಅವನು ನಕ್ಕಿದ್ದ. "ಮೂಗು ಮುಚ್ಚಬ್ಯಾಡ, ಇದು ನಮ್ಮ ರೊಟ್ಟಿ ವಾಸನಿ."

ಅಂಬರಾಯ ಹೊರಗೆ ಮೂಕ, ಮನೆಯೊಳಗೆ ಮಾತುಗಾರ. ಅವನು ಉಣ್ಣುತ್ತ ಹೇಳುತ್ತಿದ್ದ, ಆಕೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. "ಈ ಗ್ಯಾಸಿಗಿ ನೀರಿನ ಗುಣ ಅದ ನೋಡು. ಹೊಗಿ ಹಂಗ ಮ್ಯಾಲ ಹೋಗಂಗಿಲ್ಲ. ನೆಲ ಹಿಡಕೊಂಡು ತಗ್ಗು ಹುಡುಕ್ಕೋತ ಹೋಗ್ತದ. ತಗ್ಗು ಸಿಕ್ತು ಅಂದ್ರ ಅಲ್ಲೇ ಮಡುವು ನಿಲ್ತದ." ಭೀಮಮ್ಮ ಸಾಲಿಗೆ ಹೋದಾಕೆಯಲ್ಲ. ಆದರೆ ಕಿವಿಗೆ ಬಿದ್ದದ್ದನ್ನು ಬಿಡುವಾಕೆಯೂ ಅಲ್ಲ.

ಐದು ವರ್ಷದ ಹಿಂದೆ ಅಂಬರಾಯ ಎದೆನೋವು ಬಂದು ಹೋದ. ಅವನ ಅರಿವೆಯನ್ನೆಲ್ಲ ಒಗೆದು ಕೊಡುವವರಿಗೆ ಕೊಟ್ಟಳು, ಒಂದು ಖಾಕಿ ಅಂಗಿ ಮಾತ್ರ ಒಗೆಯಲಿಲ್ಲ. ಟ್ರಂಕಿನ ತಳದಲ್ಲಿ ಮಡಚಿಟ್ಟಳು. ಅಮಾಸಿಗೊಮ್ಮೆ ಟ್ರಂಕು ತೆಗೆದು ಒಂದು ಸಲ ಮೂಗಿಗೆ ಹಿಡಿದು ಲಗೂನ ಮುಚ್ಚುತ್ತಿದ್ದಳು. ಹೆಚ್ಚು ಹೊತ್ತು ತೆರೆದರೆ ವಾಸನೆ ಖರ್ಚಾಗಿ ಹೋದೀತು ಅಂತ ಅಂಜಿಕೆ.

ಹೋದ ದೀಪಾವಳಿ ಮುಗಿದ ಮೇಲೆ ತಾಲ್ಲೂಕಿನಿಂದ ನಾಲ್ಕು ಮಂದಿ ಬಂದು ಹಣಮಂದೇವರ ಗುಡಿ ಕಟ್ಟೆಗೆ ಮೈಕು ಕಟ್ಟಿದರು. ಮಳೆ, ಸಿಡಿಲು, ಹೊಳೆ ಬರುವುದು ದೇವರ ಕೈಯದು. ಮನುಷ್ಯ ಮಾಡಿಟ್ಟದ್ದೇ ಮನುಷ್ಯನ ಕೈ ಮೀರಿದರೆ ಏನು ಮಾಡಬೇಕು ಅಂತ ಹೇಳಿಕೊಡಲಿಕ್ಕೆ ಬಂದವರು. ಕಲ್ಲಿನ ಕಣಿಯಲ್ಲಿ ಮದ್ದು ಸಿಡಿಯುವುದು, ರಸ್ತೆಯಲ್ಲಿ ಟ್ಯಾಂಕರ್ ಉರುಳುವುದು, ಗ್ಯಾಸು ಸೋರುವುದು. ಕನ್ನಡಕದ ಸಾಹೇಬರು ಕಾಗದ ನೋಡಿ ಓದಿದರು: "ಅನಿಲ ಸೋರಿಕೆಯ ಸಂದರ್ಭದಲ್ಲಿ ಗಾಳಿಯ ದಿಕ್ಕಿಗೆ ಲಂಬವಾಗಿ ಎತ್ತರದ ಪ್ರದೇಶಕ್ಕೆ ಚಲಿಸತಕ್ಕದ್ದು."

"ಏನಂದ್ರು?" ಅಂದಳು ಮಹಾದೇವಮ್ಮ. ಓಣಿಯ ದೊಡ್ಡ ಮನೆ ಕಲ್ಯಾಣಪ್ಪನ ಹೆಂಡತಿ ಆಕೆ, ಮುಂದಿನ ಸಾಲಿನಲ್ಲೇ ಕುಂತಿದ್ದಳು.

"ಏನೋ ಅಂದ್ರು. ಚಹಾ ಎಷ್ಟೊತ್ತಿಗಿ ಕೊಡ್ತಾರ ಕೇಳಕ್ಕಾ," ಅಂದಳು ಹಿಂದಿನಾಕೆ.

ಎಲ್ಲರಿಗಿಂತ ಹಿಂದೆ ಕುಂತ ಭೀಮಮ್ಮನಿಗೆ ಮಾತ್ರ ಆ ಮಾತು ತಿಳಿಯಿತು. ಅವಳು ಸುಗ್ಗಿಯಲ್ಲಿ ಮಂದಿಯ ಕಣದಲ್ಲಿ ತೊಗರಿ ತೂರುವ ಕೂಲಿಯಾಕೆ. ಮಷಿನ್ ಬಂದರೂ ಕಡೆಯ ರಾಶಿಗೆ ಮೊರ ಹಿಡಿಯುವವರು ಬೇಕೇ ಬೇಕು. ತೂರುವಾಕಿ ಹೊಟ್ಟು ಹಾರುವ ದಾರಿಗೆ ನಿಲ್ಲುತ್ತಾಳೇನು? ಗಾಳಿಯ ಮಗ್ಗಲಿಗೆ ಸರಿದು ನಿಲ್ಲುತ್ತಾಳೆ. ಸಾಹೇಬರು ಹೇಳಿದ್ದು ಅಷ್ಟೇ. ಹೇಳಬೇಕೆಂದು ಬಾಯಿ ತೆರೆದಳು. ಯಾರಿಗೆ ಹೇಳುವುದು ಅಂತ ಮುಚ್ಚಿದಳು.

ಆಮೇಲೆ ಮಾಡಿ ತೋರಿಸುವ ಆಟ. ಗಾಯ ಆದವರಂಗೆ ಒಬ್ಬರು ಸ್ಟ್ರೆಚರ್ ಮೇಲೆ ಮಲಗಬೇಕು, ನಾಲ್ಕು ಮಂದಿ ಹೊರಬೇಕು. ಬದುಕಿದ್ದಾಗಲೇ ನಾಲ್ವರ ಹೆಗಲಿಗೆ ಏರುವುದು ಅಪಶಕುನ ಅಂತ ಯಾರೂ ಮುಂದೆ ಬರಲಿಲ್ಲ.

"ಭೀಮವ್ವ ಮಲಕೊಳ್ಲಿ," ಅಂದಿತು ಒಂದು ದನಿ. "ಆಕಿಗೇನು, ಹಿಂದಿಲ್ಲ ಮುಂದಿಲ್ಲ."

ಭೀಮಮ್ಮ ಮಲಗಿದಳು. ಪಟ್ಟಿ ಬಿಗಿದರು, ಹತ್ತು ಹೆಜ್ಜೆ ಹೊತ್ತರು, ಬೇವಿನ ನೆರಳಿಗೆ ಇಳಿಸಿದರು. ಅಷ್ಟರಲ್ಲಿ ಚಹಾದ ಕಿಟ್ಲಿ ಬಂತು. ಎಲ್ಲರೂ ಎದ್ದು ಹೋದರು. ನಾವು ಹೇಳೋ ತನಕ ಏಳಬ್ಯಾಡ್ರಿ ಅಂದಿದ್ದರಲ್ಲ, ಭೀಮಮ್ಮ ಏಳಲಿಲ್ಲ. ಪಟ್ಟಿಯ ಕೊಂಡಿ ಬಿಚ್ಚಲಿಕ್ಕೂ ಬರಲಿಲ್ಲ. ಬೇವಿನ ಎಲೆ ನೋಡುತ್ತ, ಮಂದಿ ನಗುವುದು ಕೇಳುತ್ತ, ಸತ್ತಾಕಿ ಹಂಗ ಬಿದ್ದಿದ್ದಳು. ಓಣಿಯ ಆಶಾ ಕಾರ್ಯಕರ್ತೆ ಸುನಿತಾ ಒಂದು ಕಪ್ ಚಹಾ ಉಳಿಯಿತಲ್ಲ ಅಂತ ಎಣಿಸುತ್ತ ಬಂದಾಗಲೇ ನೆನಪಾದದ್ದು.

"ಅಯ್ಯಯ್ಯ, ಭೀಮಕ್ಕಾ! ನೀ ಇನ್ನಾ ಇಲ್ಲೇ ಅದೀಯೇನು?"

"ಸತ್ತಾಕಿ ಎಲ್ಲಿಗಿ ಹೋಗ್ಲೆವ್ವ," ಅಂದಳು ಭೀಮಮ್ಮ. ಇಬ್ಬರೂ ನಕ್ಕರು. ಚಹಾ ಆರಿತ್ತು, ಕುಡಿದಳು.

ಅವತ್ತೇ ಸುನಿತಾ ಜೋಡಿಮನೆ ಬರೆದದ್ದು. ಎರಡೆರಡು ಮನೆ ಜೋಡಿ. ಏನಾದರೂ ಆದರೆ ಒಂದು ಮನೆಯವರು ಇನ್ನೊಂದು ಮನೆಯ ಬಾಗಿಲು ಬಡಿದು, ಮುದುಕರು ಮಕ್ಕಳನ್ನು ಕರೆದುಕೊಂಡೇ ಹೋಗಬೇಕು. ಯಾರಿಗೆ ಯಾರು ಜೋಡಿ ಅಂದಾಗ ಓಣಿಯವರು ತಡ ಮಾಡಲಿಲ್ಲ. ಅವರಲ್ಲಿ ಮುಯ್ಯಿ ಪದ್ಧತಿ ಮೊದಲಿನಿಂದ ಇತ್ತು. ನಿಮ್ಮ ಹೊಲದ ಬಿತ್ತಿಗೆಗೆ ನಾವು ಬರುತ್ತೇವೆ, ನಮ್ಮ ಕೊಯ್ಲಿಗೆ ನೀವು ಬರ್ರಿ ಅನ್ನುವ ಕೈಬದಲು. ಮುಯ್ಯಿ ಇದ್ದಲ್ಲೇ ಜೋಡಿ ಬಿತ್ತು. ಹೊಲ ಇಲ್ಲದ ಭೀಮಮ್ಮನಿಗೆ ಮುಯ್ಯಿ ಇಲ್ಲ. ಎಂಟು ಜೋಡಿ ಆಯಿತು, ಒಂದು ಮನೆ ಉಳಿಯಿತು.

"ಭೀಮಕ್ಕನ ಜೋಡಿ ಯಾರು?" ಅಂದಳು ಸುನಿತಾ.

ಮಹಾದೇವಮ್ಮ ಅಂದಳು, "ಆಕಿ ಒಂಟಿ ಜೀವ. ಎದ್ದು ಓಡ್ತಾಳ ಬಿಡು." ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಕಾಗದದಲ್ಲಿ ಜಾಗವೂ ಮುಗಿದಿತ್ತು. ಎತ್ತರದ ಗಳಕ್ಕೆ ಒಂದು ಅರಿವೆ ಕಟ್ಟಿಡ್ರಿ, ಗಾಳಿ ಎತ್ತ ಅದ ಅಂತ ಎಲ್ಲರಿಗೂ ಕಾಣ್ತದ ಅಂತಲೂ ಸಾಹೇಬರು ಹೇಳಿ ಹೋಗಿದ್ದರು. ನಾಳೆ ಕಟ್ಟೋಣ ಅಂದರು. ಆ ನಾಳೆ ಬರಲಿಲ್ಲ.

ಭೀಮಮ್ಮನ ಮಗ್ಗಲ ಮನೆ ಬಾಬುಮಿಯಾನದು. ಇಬ್ಬರಿಗೂ ನಡುವೆ ಒಂದೇ ಗೋಡೆ. ಎಪ್ಪತ್ತೆಂಟರ ಮುದುಕ, ಸೊಂಟ ಮುರಿದು ಹೊರಸು ಹಿಡಿದು ಎರಡು ವರ್ಷ. ಮಗ ವಾಡಿಯಲ್ಲಿ ಲಾರಿ ಮೇಲೆ ದುಡಿಯುವವ, ಸೊಸೆ ನಾಹಿದ ಹೊತ್ತು ಮೂಡುವ ಮೊದಲೇ ಬೇಳೆ ಮಿಲ್ಲಿಗೆ ಹೋಗುವಾಕೆ. ಹಗಲೆಲ್ಲ ಮುದುಕನೂ ಒಬ್ಬನೇ. ಆದರೂ ಇವರ ತುಂಡು ಹೊಲಕ್ಕೂ ಕಲ್ಯಾಣಪ್ಪನ ಹೊಲಕ್ಕೂ ಮುಯ್ಯಿ ಇದ್ದುದರಿಂದ ಕಲ್ಯಾಣಪ್ಪನ ಮನೆ ಇವನಿಗೆ ಜೋಡಿ.

"ಭೀಮವ್ವಾ," ಅಂತ ಆ ಸಂಜೆ ಗೋಡೆಯಾಚೆಯಿಂದ ಕೂಗಿದ, "ನಿನ್ನ ಜೋಡಿ ಯಾರಂತ?"

"ಹೊಳಿ, ಕಾಕಾ."

ಅವತ್ತಿನಿಂದ ಭೀಮಮ್ಮನ ಎದೆಯೊಳಗೆ ಒಂದು ಮುಳ್ಳು ಮುರಿದಿತ್ತು. ಏನಾದರೂ ಆದರೆ ನನ್ನ ಬಾಗಿಲು ಬಡಿಯುವವರು ಯಾರು? ಮೊದಲು ಈ ಪ್ರಶ್ನೆ ಇರಲಿಲ್ಲ. ಕಾಗದಕ್ಕೆ ಬರೆದ ಮೇಲೆ ಬಂತು. ಕೊಡ ಇಳಿಸುವಾಗ, ಕಸ ಹೊಡೆಯುವಾಗ, ಅದೇ.

ಎಳ್ಳ ಅಮಾಸಿ ಮುಗಿದು ಎಂಟು ದಿನ ಆಗಿತ್ತು. ಚಳಿ ಬಿಟ್ಟಿರಲಿಲ್ಲ. ತೊಗರಿ ಕೊಯ್ಲಿಗೆ ಗಂಡಸರೆಲ್ಲ ಹೊಲ ಸೇರಿದ್ದರು. ಹೊತ್ತು ಒಂದು ಮಾರು ಏರಿರಬೇಕು, ಭೀಮಮ್ಮ ಹಂಚಿನ ಮೇಲೆ ರೊಟ್ಟಿ ಹಾಕಿದ್ದಳು. ಆಗ ವಾಸನೆ ಬಂತು.

ತೆಳ್ಳಗೆ, ಹೊಸ್ತಿಲು ದಾಟಿ, ಮೊದಲಿನ ಹಂಗೆಯೇ. ಅಂಬರಾಯ ಬಂದ.

ತಲೆಗೆ ಗೊತ್ತು ಅವನು ಇಲ್ಲ ಅಂತ. ಮೂಗಿಗೆ ಯಾರು ಹೇಳಬೇಕು? ಭೀಮಮ್ಮ ಹಿಟ್ಟಿನ ಕೈ ಹಂಗೇ ಹಿಡಿದು ಕುಂತಳು. ಬಾಗಿಲ ಕಡೆ ನೋಡಲಿಲ್ಲ; ನೋಡಿದರೆ ಯಾರೂ ಇರುವುದಿಲ್ಲ. ಕಣ್ಣು ಮುಚ್ಚಿ ಉಸಿರೆಳೆದಳು, ಇನ್ನೊಮ್ಮೆ ಎಳೆದಳು. ಹಂಚಿನ ಮೇಲಿನ ರೊಟ್ಟಿ ಸೀದು ಕರ್ರಗಾಯಿತು. ಐದು ವರ್ಷದಲ್ಲಿ ಅಷ್ಟು ಸುಖದ ಹೊತ್ತು ಆಕೆಗೆ ಬಂದಿರಲಿಲ್ಲ. ಅದು ಆಕೆ ಮಾಡಿದ ತಪ್ಪು. ಆಮೇಲೆ ಯಾರೂ ಆಕೆಯನ್ನು ಅದಕ್ಕಾಗಿ ಬಯ್ಯಲಿಲ್ಲ, ಯಾಕಂದರೆ ಯಾರಿಗೂ ಗೊತ್ತಾಗಲಿಲ್ಲ. ಆಕೆಗೆ ಗೊತ್ತಿತ್ತು.

ಗಂಟಲು ಕೆರೆಯಿತು. ಟ್ರಂಕಿನ ಬಾಯಿ ತೆರೆದಿದೆಯೇನೋ ಅಂತ ಎದ್ದು ಹೋದಳು. ಮುಚ್ಚಿತ್ತು. ತೆಗೆದು, ತಳದ ಅಂಗಿ ಎಳೆದು ಮೂಗಿಗೆ ಒತ್ತಿದಳು. ಹಳೆಯ ಅರಿವೆಯ ಧೂಳು, ಟ್ರಂಕಿನ ಕಬ್ಬಿಣ. ಅಷ್ಟೇ. ಅಂಗಿಯಲ್ಲಿ ಏನೂ ಉಳಿದಿರಲಿಲ್ಲ. ಯಾವಾಗ ಹೋಯಿತೋ, ತಾನೇ ನೆನಪಿನಿಂದ ವಾಸನೆ ಹಚ್ಚಿಕೊಂಡು ಅಮಾಸಿಗೊಮ್ಮೆ ಮೂಸುತ್ತಿದ್ದಳೋ.

ಹಂಗಾದರೆ ಈ ವಾಸನೆ ಹೊರಗಿನದು.

ಅಂಗಿ ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದಳು. ಅಂಗಳದ ತಗ್ಗಿನಲ್ಲಿ ಕೋಳಿ ಕೊಕ್ಕು ತೆರೆದು ಕುಂತಿತ್ತು, ಕೂಗುತ್ತಿರಲಿಲ್ಲ. ಮೂಡಣದಿಂದ ನೆಲ ಹಿಡಿದು ಮಂಜಿನಂಥದು ಬರುತ್ತಿತ್ತು, ಬಿಳಿಯಲ್ಲ, ಹಸಿರು ತಾಗಿದ ಹಳದಿ. ನೀರಿನ ಮನೆಯಲ್ಲಿ ಖಾಲಿ ಸಿಲಿಂಡರ್ ಲಾರಿಗೆ ಹೇರುತ್ತಿದ್ದರಂತೆ. ಖಾಲಿ ಅಂತ ತಿಳಿದದ್ದು ಒಂದು ಖಾಲಿ ಇರಲಿಲ್ಲ. ಕೈ ಜಾರಿ ಬಿದ್ದು ಮೂತಿ ಮುರಿದಿತ್ತು. ಇದು ಆಮೇಲೆ ತಿಳಿದ ಮಾತು.

ಅಷ್ಟರಲ್ಲಿ ಓಣಿಯ ಹೆಂಗಸರು ಕೆಮ್ಮುತ್ತ, ಮಕ್ಕಳನ್ನು ಬಗಲಲ್ಲಿ ಒತ್ತಿಕೊಂಡು ಮೇಲಿನಿಂದ ಓಡಿ ಇಳಿಯುತ್ತಿದ್ದರು. ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದವರು. ಕಾಲು ಸುಟ್ಟರೂ ಹೊಳೆ, ಕಣ್ಣು ಉರಿದರೂ ಹೊಳೆ. ಮುಂದೆ ಮಹಾದೇವಮ್ಮ, ಕೈಯಲ್ಲಿ ಮೊಮ್ಮಗಳು.

ಭೀಮಮ್ಮ ಅಂಗಿ ಹೆಗಲಿಗೆ ಒಗೆದು, ಗೋಡೆಗೆ ಆನಿಸಿದ ಮೊರ ಎತ್ತಿಕೊಂಡು ಹಾದಿಗೆ ಅಡ್ಡ ನಿಂತಳು.

"ದಾರಿ ಬಿಡು ಭೀಮವ್ವ! ಕೂಸಿನ ಕಣ್ಣು ಉರೀಲಿಕತ್ತಾವ, ಹೊಳ್ಯಾಗ ತೊಳೀಬೇಕು!"

"ಹೊಳಿಗಿ ಒಯ್ದ್ರ ಕೂಸು ಉಳಿಯಂಗಿಲ್ಲ."

"ನಿನ್ನ ನಾಲಿಗಿಗಿ ಹುಳ ಬೀಳ್ಲಿ! ಸರಿ ಅಂದ್ರ ಸರಿ!"

ಮಾತಿನಿಂದ ಆಗುವ ಕೆಲಸ ಇದಲ್ಲ ಅಂತ ಭೀಮಮ್ಮನಿಗೆ ತಿಳಿಯಿತು. ನಿನ್ನೆ ಹಸನು ಮಾಡಿದ ತೊಗರಿಯ ಹೊಟ್ಟು ಬಾಗಿಲಲ್ಲೇ ರಾಶಿ ಬಿದ್ದಿತ್ತು. ಮೊರ ತುಂಬ ಬಾಚಿ, ಕೈ ಎತ್ತಿ ತೂರಿದಳು. ಹೊಟ್ಟು ಹಾರಿತು, ಹಾರಿ, ಎಲ್ಲರ ಕಣ್ಣೆದುರಿಗೆ ಹೊಳೆಯ ತಗ್ಗಿನ ಕಡೆಗೇ ಹೋಗಿ ಇಳಿಯಿತು.

"ಹೊಟ್ಟು ಎತ್ತ ಹೊಂಟದ ನೋಡ್ರಿ! ಇದೂ ಅತ್ತೇ ಹೋಗಿ ಮಡುವು ನಿಲ್ತದ. ತೂರೋ ಮುಂದ ಹೊಟ್ಟಿನ ದಾರಿಗಿ ನಿಂದರ್ತೀರೇನು? ಮಗ್ಗಲಿಗಿ ಸರೀರಿ! ಕಣಕ್ಕ ಏರ್ರಿ, ಕಣಕ್ಕ!"

ಊರ ಕಣ ಬಡಗಣಕ್ಕೆ, ಎತ್ತರದ ದಿನ್ನೆಯ ಮೇಲೆ. ಹೆಂಗಸರ ಬುದ್ಧಿಗಿಂತ ಮೊದಲು ಅವರ ಕಾಲಿಗೆ ತಿಳಿಯಿತು. ಎಷ್ಟು ಸುಗ್ಗಿ ಮೊರ ಹಿಡಿದು ಮಗ್ಗಲಿಗೆ ಸರಿದ ಕಾಲು ಅವು. ತಿರುಗಿದವು. ಭೀಮಮ್ಮ ಬಾಗಿಲ ಕೊಡದ ಮುಚ್ಚಳ ಒದ್ದು, "ಸೆರಗು ತೊಯ್ಸಿ ಮೂಗಿಗಿ ಹಿಡೀರಿ, ಕೂಸುಗಳನ್ನ ಹೆಗಲಿಗೇರಿಸ್ರಿ, ಕೆಳಗ ಇಳಿಸಬ್ಯಾಡ್ರಿ," ಅಂತ ಒದರಿದಳು. ಐದು ವರ್ಷದಿಂದ ಯಾರೂ ನಿಲ್ಲದ ಬಾಗಿಲಲ್ಲಿ ಒಬ್ಬೊಬ್ಬರೂ ನಿಂತು, ಸೆರಗು ಅದ್ದಿ, ಮುಂದೆ ಹೋದರು.

"ಮಹಾದೇವಕ್ಕಾ, ಬಾಬುಮಿಯಾ ಕಾಕಾ?"

ಮಹಾದೇವಮ್ಮ ನಿಂತಳು. ಮೊಮ್ಮಗಳು ಚೀರುತ್ತಿದ್ದಳು. ಮುದುಕನ ಬಾಗಿಲ ಮುಂದೆಯೇ ಓಡಿ ಬಂದಿದ್ದಳು, ನೆನಪೇ ಆಗಿರಲಿಲ್ಲ.

"ನೀ ಕೂಸು ತಗೊಂಡು ನಡಿ," ಅಂದಳು ಭೀಮಮ್ಮ.

ಆಕೆಯ ಅಂಗಳದಲ್ಲಿ ನೀರು ತರುವ ಗಾಡಿ ಒಂದಿತ್ತು, ನಾಲ್ಕು ಕೊಡ ಕೂಡುವ ಎರಡು ಗಾಲಿಯ ತಳ್ಳುಗಾಡಿ. ಅದನ್ನು ದೂಡಿಕೊಂಡು ಬಾಬುಮಿಯಾನ ಮನೆಯೊಳಗೆ ಹೋದಳು. ಮುದುಕ ಹೊರಸಿನ ಮೇಲೆ ಅರ್ಧ ಎದ್ದು, ಗೋಡೆ ಹಿಡಿದು ಕೆಮ್ಮುತ್ತಿದ್ದ.

"ಯಾ ಅಲ್ಲಾ, ಯಾರದು?"

"ನಾನು, ಭೀಮವ್ವ. ಬಾಯಿ ಮುಚ್ಚಿ ಕುಂದರ್ರಿ."

ಕೊಡದಲ್ಲಿ ಅದ್ದಲಿಕ್ಕೆ ಅರಿವೆ ಹುಡುಕಿದಳು. ಹೆಗಲ ಮೇಲೆ ಅಂಗಿ ಇತ್ತು. ಒಂದು ಗಳಿಗೆ, ಒಂದೇ ಗಳಿಗೆ ನೋಡಿದಳು. ಐದು ವರ್ಷ ನೀರು ಕಾಣಿಸದ ಅಂಗಿ. ಮುಳುಗಿಸಿ, ಹಿಂಡಿ, ಮುದುಕನ ಮೂಗುಬಾಯಿಗೆ ಸುತ್ತಿ ಎರಡೂ ತೋಳು ಹಿಂದಕ್ಕೆ ಗಂಟು ಹಾಕಿದಳು. ಕೌದಿ ಸಮೇತ ಎಳೆದು ಗಾಡಿಗೆ ಒರಗಿಸಿದಳು. ಮುದುಕ ಒಣಗಿದ ತೊಗರಿಕಟ್ಟಿಗೆಯಷ್ಟೇ ಭಾರ, ಆದರೂ ಏರು ಏರೇ. ಕಣ್ಣಲ್ಲಿ ನೀರು, ಎದೆಯಲ್ಲಿ ಬೆಂಕಿ. ನಡುವೆ ಎರಡು ಸಲ ಮೊಣಕಾಲೂರಿದಳು.

"ಬಿಟ್ಟು ಹೋಗು ಬೇಟಿ," ಅಂದ ಮುದುಕ ಅಂಗಿಯೊಳಗಿನಿಂದ.

"ಮಾತಾಡಿದ್ರ ಹೊಳಿಗಿ ದೂಡ್ತೀನಿ."

ಕಣದ ಮೇಲೆ ಸುನಿತಾ ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಜೋಡಿಮನೆಯ ಕಾಗದ ಹಿಡಿದು ಒದರುತ್ತಿದ್ದಳು. ೧೧೨ಕ್ಕೆ ಆಗಲೇ ಹೇಳಿದ್ದಳು. ಒಂದು ಮನೆಯ ಹೆಸರು ಕರೆದರೆ ಅದರ ಜೋಡಿ ಮನೆಯವರು "ಬಂದಾರ" ಅನ್ನಬೇಕು. ಗಾಡಿ ದಿನ್ನೆ ಏರಿ ಬರುವುದು ಕಂಡು ಮಹಾದೇವಮ್ಮ ಅಳುತ್ತಲೇ ಕೂಗಿದಳು, "ಬಂದ್ರು! ಬಾಬುಮಿಯಾ ಬಂದ್ರು!"

ಸುನಿತಾ ಕಡೆಯ ಗೀಟು ಎಳೆದು ಫೋನಿನಲ್ಲಿ ಹೇಳಿದಳು, "ಎಂಟೂ ಜೋಡಿ ಬಂದಾವ್ರಿ ಸರ್. ಎಲ್ಲಾರೂ ಬಂದಾರ, ಒಬ್ಬರೂ ಉಳಿದಿಲ್ಲ."

ಭೀಮಮ್ಮ ಗಾಡಿಯ ಹಿಡಿಕೆ ಹಿಡಿದು ನಿಂತಲ್ಲೇ ನಿಂತು ಕೇಳಿಸಿಕೊಂಡಳು. ಲೆಕ್ಕ ಸರಿಯಾಗಿಯೇ ಇತ್ತು. ಆಕೆ ಕೆಳಗೆ ಬಿದ್ದಿದ್ದರೂ ಲೆಕ್ಕ ಹಿಂಗೇ ಸರಿ ಬರುತ್ತಿತ್ತು.

ಬಾಬುಮಿಯಾ ಮುಖದ ಅಂಗಿ ಕೆಳಗೆ ಜಗ್ಗಿದ. ಕೆಮ್ಮಿದ, ಉಗುಳಿದ, ಮತ್ತೆ ಕೆಮ್ಮಿದ.

"ಸುನಿತಾ. ಈ ಗಾಡಿ ತಾನೇ ಏರಿ ಬಂತೇನು?"

ಸುನಿತಾ ಕಾಗದ ನೋಡಿದಳು, ಭೀಮಮ್ಮನನ್ನು ನೋಡಿದಳು, ಮತ್ತೆ ಕಾಗದ ನೋಡಿದಳು.

ಹೊತ್ತು ನೆತ್ತಿಗೆ ಬರುವುದರೊಳಗೆ ಮುಖಕ್ಕೆ ಮುಸುಕು ಹಾಕಿದ ಮಂದಿ ಬಂದು ಸಿಲಿಂಡರಿನ ಬಾಯಿ ಬಿಗಿದರು. ಲಾರಿಗೆ ಹೇರುತ್ತಿದ್ದ ಇಬ್ಬರು ದವಾಖಾನೆ ಸೇರಿ ನಾಲ್ಕು ದಿನಕ್ಕೆ ಚೇತರಿಸಿಕೊಂಡರು. ಓಣಿಯಲ್ಲಿ ಯಾರೂ ಸಾಯಲಿಲ್ಲ. ಗ್ಯಾಸು ಕುಡಿದವರು ಆರಾಮ ಅನಿಸಿದರೂ ಒಂದು ದಿನ ಕಣ್ಣಳತೆಯಲ್ಲಿ ಇರಬೇಕು, ಎದೆಯೊಳಗೆ ತಡವಾಗಿ ನೀರು ತುಂಬಬಹುದು ಅಂತ ಸೇಡಂ ದವಾಖಾನೆಯ ಡಾಕ್ಟರರು ಭೀಮಮ್ಮನನ್ನೂ ಬಾಬುಮಿಯಾನನ್ನೂ ಇಟ್ಟುಕೊಂಡರು. ಮುದುಕನ ಕಡೆಗೆ ನಾಹಿದ ಬಂದಳು, ಮಗ ವಾಡಿಯಿಂದ ಬಂದ. ಭೀಮಮ್ಮನ ಹೊರಸಿನ ಮಗ್ಗಲಿಗೆ ಖುರ್ಚಿ ಖಾಲಿ ಇತ್ತು. ಸಂಜೆಗೆ ನಾಹಿದ ಒಂದು ರೊಟ್ಟಿ ಮುರಿದು ಅರ್ಧ ಇತ್ತ ಕೊಟ್ಟಳು.

ಮರುದಿನ ಮನೆಗೆ ಬಂದರೆ ಹಂಚಿನ ಮೇಲೆ ಸೀದ ರೊಟ್ಟಿ ಹಂಗೇ ಇತ್ತು. ಕೋಳಿ ತಗ್ಗಿನಲ್ಲೇ ಸತ್ತಿತ್ತು. ಟ್ರಂಕು ಬಾಯಿ ತೆರೆದಿತ್ತು. ಮುಚ್ಚಲಿಕ್ಕೆ ಈಗ ಅವಸರ ಏನೂ ಇರಲಿಲ್ಲ.

ಎರಡು ದಿನ ಬಿಟ್ಟು ಸುನಿತಾ ಹೊಸ ಕಾಗದ ತಂದಳು. ಹಿಂದೆ ಮಹಾದೇವಮ್ಮ, ಹೊಸ್ತಿಲಾಚೆಗೇ ನಿಂತಳು.

"ಭೀಮಕ್ಕಾ, ನಿನ್ನ ಯಾರ ಜೋಡಿ ಬರೀಲಿ?"

ಗೋಡೆಯಾಚೆಯಿಂದ ದನಿ ಬಂತು. "ನನ್ನ ಜೋಡಿ ಬರಿ!"

"ಎದ್ದು ಕುಂದರ್ಲಿಕ್ಕ ಬರಂಗಿಲ್ಲ ನಿಮಗ," ಅಂದಳು ಭೀಮಮ್ಮ. "ನನ್ನ ಎತ್ತಿಕೊಂಡು ಓಡ್ತೀರೇನು ಕಾಕಾ?"

"ಓಡಲಿಕ್ಕಲ್ಲ, ಒದರಲಿಕ್ಕ. ಕಾಲಿಲ್ಲ, ಗಂಟಲ ಅದ ನನಗ."

ಸುನಿತಾ ನಕ್ಕು ಪೆನ್ನು ಎತ್ತಿದಳು, ತಡೆದಳು. "ಹಂಗಾದ್ರ ಕಲ್ಯಾಣಪ್ಪ ಕಾಕಾರ ಮನಿ ಒಂದೇ ಉಳೀತದ."

ಮಹಾದೇವಮ್ಮ ನೆಲ ನೋಡಿದಳು. "ಉಳೀಲಿ ಬಿಡು. ನನಗ ಅದೇ ಬರಬೇಕು."

ಭೀಮಮ್ಮ ಒಂದು ಮಾತು ಅನ್ನಬಹುದಿತ್ತು. ಹಿಂದಿಲ್ಲ ಮುಂದಿಲ್ಲ, ಒಂಟಿ ಜೀವ, ಎಲ್ಲ ಮಾತೂ ಕಿವಿಯಲ್ಲೇ ಇದ್ದವು. "ಉಳಿಸಬ್ಯಾಡ," ಅಂದಳು. "ಮೂರು ಮನಿ ಕೂಡಿಸಿ ಬರಿ. ಉಳಿಯೋದು ಹೆಂಗಿರ್ತದ ಅಂತ ನನಗ ಗೊತ್ತದ."

ಬರೆದರು. ಭೀಮಮ್ಮ ಅವತ್ತೇ ಅಂಗಿಯನ್ನು ಸಬಕಾರ ಹಚ್ಚಿ ಒಗೆದಳು. ಒಣಗಿದ ಮೇಲೆ ಟ್ರಂಕಿಗೆ ಇಡಲಿಲ್ಲ. ಉದ್ದ ಬಿದಿರ ಗಳಕ್ಕೆ ಕೊರಳು ಕಟ್ಟಿ, ಬಾಗಿಲ ಮಗ್ಗಲಿಗೆ ಗಳ ನೆಟ್ಟಳು. ಓಣಿಯ ಮೇಲಿನ ತುದಿಗೂ ಕಾಣುತ್ತದೆ.

ಈಗ ದಿನಾ ಮುಂಜಾನೆ ಗೋಡೆಯಾಚೆಯಿಂದ ಬಾಬುಮಿಯಾ ಒದರುತ್ತಾನೆ, "ಭೀಮವ್ವಾ, ಅದೀಯೇನು?" "ಅದೀನಿ ಕಾಕಾ," ಅನ್ನುತ್ತಾಳೆ. ಹೊಳೆಗೆ ಹೋಗುವವರು ಒಂದು ಗಳಿಗೆ ನಿಂತು, ತಲೆ ಎತ್ತಿ, "ಭೀಮವ್ವ, ಇವತ್ತ ಗಾಳಿ ಎತ್ತ ಅದ?" ಅಂತ ಕೇಳುತ್ತಾರೆ. ಆಕೆ ಅಂಗಿ ನೋಡಿ ಹೇಳುತ್ತಾಳೆ. ಕೇಳಿಕೊಂಡು ಹೋಗುತ್ತಾರೆ.

ಅವರು ಹೋದ ಮೇಲೆ ಒಂದೊಂದು ಸಲ ಜೋರು ಗಾಳಿ ಬಿಟ್ಟು ಅಂಗಿಯ ಎದೆ ತುಂಬುತ್ತದೆ, ಎರಡೂ ತೋಳು ಮೇಲೇಳುತ್ತವೆ. ಭೀಮಮ್ಮ ಕೈಯಲ್ಲಿನ ಮೊರ ಕೆಳಗಿಟ್ಟು ನೋಡುತ್ತಾಳೆ, ಗಾಳಿ ಇಳಿದು ತೋಳು ಜೋತು ಬೀಳುವ ತನಕ.